ರುಚಿಗೆ ತಕ್ಕಷ್ಟು, ಆದರೆ ಯಾರ ರುಚಿಗೆ?

ಮೊದಲ ಸಲ ಥಾಯ್ ಹಸಿರು ಕರಿ ಮಾಡಿದ ದಿನ ಕೊನೆಗೆ ನನ್ನ ಕೈ ತಾನಾಗಿಯೇ ಸಾಸಿವೆ ಡಬ್ಬಿಗೆ ಹೋಗಿತ್ತು. ಪುಸ್ತಕ ಎದುರಿಗೇ ತೆರೆದಿತ್ತು, ಅದರಲ್ಲಿ ಎಲ್ಲಿಯೂ ಒಗ್ಗರಣೆಯ ಸುದ್ದಿ ಇರಲಿಲ್ಲ. ಆದರೆ ಒಲೆಯ ಮೇಲೆ ಕಾಯಿಹಾಲು ಕುದಿಯುತ್ತಿದ್ದು ಒಗ್ಗರಣೆ ಬೀಳಲಿಲ್ಲವೆಂದರೆ ಶಿರಸಿ ಸೀಮೆಯಲ್ಲಿ ಹುಟ್ಟಿದವನಿಗೆ ಅಡುಗೆ ಮುಗಿದ ಹಾಗೆ ಅನಿಸುವುದೇ ಇಲ್ಲ. ಸಾಸಿವೆ ಚಟಪಟ ಅನಿಸಿ, ಒಂದೆಸಳು ಕರಿಬೇವನ್ನೂ ಉದುರಿಸಿ, ಅಮ್ಮನಿಗೆ ಬಡಿಸಿದೆ. ಅಮ್ಮ ಒಂದು ತುತ್ತು ಬಾಯಿಗಿಟ್ಟು, "ಅಡ್ಡಿಲ್ಲೆ ತಮಾ, ಕಾಯಿಹಾಲು ಹಾಕಿದ ತಂಬ್ಳಿ ಹಾಂಗೆ ಇದ್ದು" ಅಂದಳು.

ನಮ್ಮ ಕಡೆ 'ಅಡ್ಡಿಲ್ಲೆ' ಎಂಬ ಮಾತಿಗೆ ಹೇಳುವವರ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ಅವತ್ತಿನದು 'ಮಗನ ಮನಸ್ಸು ನೋಯಿಸುವುದು ಬೇಡ' ಎಂಬ ಜಾತಿಯದು. ಅಡುಗೆ ಕೆಟ್ಟಿರಲಿಲ್ಲ ನಿಜ. ಆದರೆ ಬ್ಯಾಂಕಾಕಿಗೆ ಹೊರಟವನು ಕುಮಟಾದಲ್ಲೇ ಬಸ್ಸಿಳಿದಂತಾಗಿತ್ತು.

ಎಲ್ಲಿ ತಪ್ಪಿತು ಎಂದು ಹುಡುಕುತ್ತ ಕೂತಾಗ ಒಂದು ವಿಚಿತ್ರ ಹೊಳೆಯಿತು. ನನ್ನನ್ನು ದಾರಿ ತಪ್ಪಿಸಿದ್ದು ಥಾಯ್ ಅಡುಗೆಯ ಅಪರಿಚಿತತೆ ಅಲ್ಲವೇ ಅಲ್ಲ, ಅದರ ಪರಿಚಯ. ತೆಂಗಿನಕಾಯಿ, ಹುಣಸೆಹಣ್ಣು, ಬೆಲ್ಲ, ಹಸಿಮೆಣಸು, ಕೊತ್ತಂಬರಿ, ಬದನೆಕಾಯಿ, ಅನ್ನ. ಸಾಮಾನಿನ ಪಟ್ಟಿ ಓದಿದರೆ ನಮ್ಮ ಕರಾವಳಿ-ಮಲೆನಾಡಿನ ಅಡುಗೆಮನೆಯ ಕಪಾಟು ತೆರೆದ ಹಾಗಿದೆ. ಇಟಲಿಯ ಅಡುಗೆ ಕಲಿಯುವವನು ಏನೂ ಗೊತ್ತಿಲ್ಲವೆಂಬ ಭಯದಲ್ಲಿ ಪುಸ್ತಕ ಹೇಳಿದಂತೆ ಕೇಳುತ್ತಾನೆ. ಥಾಯ್ ಅಡುಗೆ ಕಲಿಯಹೊರಟ ಕನ್ನಡಿಗ 'ಇದೆಲ್ಲ ನಮ್ಮದೇ ಬಿಡು' ಎಂದುಕೊಂಡು ಮೂರನೆಯ ಸಾಲಿಗೇ ಪುಸ್ತಕ ಮುಚ್ಚಿ ತನ್ನ ಕೈ ಓಡಿಸುತ್ತಾನೆ.

ಹೆಸರಿನಲ್ಲೇ ಕೆಲಸವಿದೆ

ಹಾಗಾದರೆ ಬೇರೆ ಇರುವುದು ಏನು? ಥಾಯ್ ಅಡುಗೆಗಳ ಹೆಸರಿನಲ್ಲೇ ಉತ್ತರವಿದೆ. ನಮ್ಮ ಹೋಟೆಲುಗಳಲ್ಲಿ 'ಟಾಮ್ ಯಮ್' ಎಂದು ಕರೆಸಿಕೊಳ್ಳುವ ಸಾರನ್ನೇ ನೋಡಿ. ತೊಮ್ ಎಂದರೆ ಕುದಿಸು, ಯಮ್ ಎಂದರೆ ಹುಳಿ-ಖಾರ ಹಾಕಿ ಕಲಸು. ಪಪ್ಪಾಯಿಕಾಯಿಯ ಕೋಸಂಬರಿಯಂಥ 'ಸೊಮ್ ತಮ್'ನಲ್ಲಿ ಸೊಮ್ ಎಂದರೆ ಹುಳಿ, ತಮ್ ಎಂದರೆ ಜಜ್ಜು. 'ಫತ್' ಎಂದರೆ ಬಾಣಲೆಯಲ್ಲಿ ಹುರಿ. ನಾವು ಪ್ಯಾಡ್ ಥಾಯ್ ಎನ್ನುವಾಗ ಬರುವ ಪ್ಯಾಡ್ ಅದೇ. 'ಥೋತ್' ಎಂದರೆ ಎಣ್ಣೆಯಲ್ಲಿ ಮುಳುಗಿಸಿ ಕರಿ. ಹೆಸರು ಕೇಳಿದವನಿಗೆ ಯಾವ ಪಾತ್ರೆ ಇಳಿಸಬೇಕು, ಒಲೆ ಎಷ್ಟು ಉರಿಯಬೇಕು ಎಂಬುದು ಅರ್ಧ ತಿಳಿದುಹೋಗುತ್ತದೆ. ಪದಾರ್ಥಕ್ಕಿಂತ ಮೊದಲು ಕ್ರಿಯಾಪದ ಹೇಳುವ ಭಾಷೆ ಅದು. ನಾನು ಪದಾರ್ಥಗಳನ್ನಷ್ಟೇ ತಂದು, ಕ್ರಿಯಾಪದ ಮಾತ್ರ ನಮ್ಮ ಮನೆಯದನ್ನು ಬಳಸಿದ್ದೆ.

ಹಸಿರು ಕರಿಯ ಥಾಯ್ ಹೆಸರು 'ಕೇಂಗ್ ಖಿಯಾವ್ ವಾನ್'. ಕೇಂಗ್ ಎಂದರೆ ನಾವು ಕರಿ ಎನ್ನುವುದು, ಖಿಯಾವ್ ಎಂದರೆ ಹಸಿರು, ವಾನ್ ಎಂದರೆ ಸಿಹಿ. ಇಲ್ಲಿ ಸಿಹಿ ಎಂದದ್ದು ಬಣ್ಣಕ್ಕೆ. ಕಣ್ಣಿಗೆ ಹಿತವಾದ, ಎಳೆಯ ಹಸಿರು. ಹೆಸರು ನೋಡಿ ಸಕ್ಕರೆ ಸುರಿಯುವವರು ಹೊರದೇಶದ ಹೋಟೆಲುಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ನಾನೂ ಮೊದಲ ಸಲ ಒಂದು ದೊಡ್ಡ ತುಂಡು ಬೆಲ್ಲ ಹಾಕಿದ್ದೆ.

ಇನ್ನೊಂದು ಮಾತು ನಮಗೆ ಹೆಚ್ಚು ಉಪಯೋಗದ್ದು. ಜೀರಿಗೆ, ಕೊತ್ತಂಬರಿ ಬೀಜ, ಏಲಕ್ಕಿ, ಲವಂಗದಂಥ ಒಣ ಮಸಾಲೆಗಳಿಗೆ ಥಾಯ್ ಭಾಷೆಯಲ್ಲಿ 'ಖ್ರೂಂಗ್ ಥೇತ್' ಎನ್ನುತ್ತಾರೆ. ಈ 'ಥೇತ್' ನಮ್ಮ 'ದೇಶ' ಶಬ್ದವೇ, ಸಂಸ್ಕೃತದಿಂದ ಹೋದದ್ದು. ಆದರೆ ಹೀಗೆ ಸಮಾಸದಲ್ಲಿ ಬಂದಾಗ ಅದಕ್ಕೆ ಪರದೇಶದ್ದು ಎಂಬ ಅರ್ಥ. ಟೊಮೆಟೊ ಹಣ್ಣಿಗೂ ಅಲ್ಲಿ 'ಥೇತ್' ಸೇರಿಸಿ ಪರದೇಶಿ ಬದನೆ ಎಂದೇ ಹೆಸರು. ನಮ್ಮ ಮಸಾಲೆ ಡಬ್ಬಿಯ ಯಜಮಾನರೆಲ್ಲ ಅಲ್ಲಿ ಅತಿಥಿಗಳು. ಮಸ್ಸಮನ್ ಕರಿಯಂಥ, ಮುಸ್ಲಿಮ್ ವ್ಯಾಪಾರಿಗಳ ನಂಟಿರುವ ಅಡುಗೆಯಲ್ಲಿ ಚಕ್ಕೆ, ಲವಂಗ, ಏಲಕ್ಕಿ ಮೆರೆಯುತ್ತವೆ. ಉಳಿದಂತೆ ಒಂದು ಚಿಟಿಕೆ ಬಂದು ಮೂಲೆಯಲ್ಲಿ ಕೂರುತ್ತವೆ. ಅಡುಗೆಯನ್ನು ಹೊರುವುದು ಹಸಿ ಬೇರು, ಹಸಿ ಎಲೆ, ಹಸಿ ದಂಟು.

ಈ ಹಸಿ ಸಾಮಾನುಗಳಲ್ಲಿ ಮೂರು ಮುಖ್ಯ. ಒಂದು, ಲೆಮನ್‌ಗ್ರಾಸ್, ಮಲೆನಾಡಿನ ಹಿತ್ತಲಲ್ಲಿ ಕಷಾಯಕ್ಕೆಂದು ಬೆಳೆಸುವ ಮಜ್ಜಿಗೆ ಹುಲ್ಲು. ನಾವು ಎಲೆ ಕೊಯ್ದು ಕುದಿಸುತ್ತೇವೆ, ಅವರು ಎಲೆ ಬಿಟ್ಟು ಬುಡದ ಬಿಳಿ ದಂಟನ್ನು ಬಳಸುತ್ತಾರೆ. ಎರಡು, ಗಲಾಂಗಲ್, ಶುಂಠಿಯ ದಾಯಾದಿ. ನೋಡಲು ಶುಂಠಿಯಂತಿದ್ದರೂ ಮೂಗಿಗೆ ಹಿಡಿದರೆ ನೀಲಗಿರಿ ಎಣ್ಣೆಯನ್ನು ನೆನಪಿಸುತ್ತದೆ. ಇದರ ಬದಲು ಶುಂಠಿ ಹಾಕಬಾರದು. ಹಾಕಿದೆನೋ, ಅಡುಗೆ ಸೀದಾ ನಮ್ಮ ಮನೆಗೆ ವಾಪಸು ಬರುತ್ತದೆ. ಮೂರು, ಮಕ್ರೂತ್ ಎಂಬ ಗಂಟುಗಂಟು ಸಿಪ್ಪೆಯ ನಿಂಬೆಯ ಎಲೆ ಮತ್ತು ಸಿಪ್ಪೆ. ಊರಿನ ಹೇರಳೆ ಗಿಡದ ಕುಡಿ ಹಾಕಿ ನೋಡಿದ್ದೇನೆ. ಪರಿಮಳ ಬಾಗಿಲವರೆಗೆ ಬಂತು, ಒಳಗೆ ಬರಲಿಲ್ಲ. ಬೆಂಗಳೂರಿನ ದೊಡ್ಡ ತರಕಾರಿ ಅಂಗಡಿಗಳಲ್ಲಿ ಈಗ ಮೂರೂ ಸಿಗುತ್ತವೆ. ಮಜ್ಜಿಗೆ ಹುಲ್ಲಿನ ದಂಟನ್ನು ನೀರಿನ ಲೋಟದಲ್ಲಿ ನಿಲ್ಲಿಸಿದರೆ ಬೇರು ಬಿಡುತ್ತದೆ, ಕುಂಡಕ್ಕೆ ನೆಟ್ಟರೆ ಅಂಗಡಿಯ ಹಂಗಿಲ್ಲ.

ಒಂದು ವಿಷಯದಲ್ಲಿ ನಾವು ಅದೃಷ್ಟವಂತರು. ಥಾಯ್ ಅಡುಗೆಗೆ ಕೊತ್ತಂಬರಿ ಸೊಪ್ಪಿಗಿಂತ ಅದರ ಬೇರು ಮುಖ್ಯ. ಬೇರು, ಬೆಳ್ಳುಳ್ಳಿ, ಬಿಳಿಮೆಣಸು ಈ ಮೂರನ್ನು 'ಸಾಮ್ ಕ್ಲೋ', ಅಂದರೆ ಮೂವರು ಗೆಳೆಯರು ಎನ್ನುತ್ತಾರೆ. ಒಟ್ಟಿಗೆ ಜಜ್ಜಿದರೆ ಎಷ್ಟೋ ಅಡುಗೆಗಳಿಗೆ ಅದೇ ಅಡಿಪಾಯ. ಪಾಶ್ಚಾತ್ಯ ದೇಶಗಳ ಅಂಗಡಿಗಳಲ್ಲಿ ಬೇರು ಕತ್ತರಿಸಿ ಮಾರುವುದರಿಂದ ಅಲ್ಲಿಯವರು ಇದಕ್ಕಾಗಿ ಪರದಾಡುತ್ತಾರೆ. ನಮ್ಮಲ್ಲಿ ಸೊಪ್ಪಿನವಳು ಮಣ್ಣು ಮೆತ್ತಿದ ಬೇರಿನ ಸಮೇತ ಕಟ್ಟು ಕೊಡುತ್ತಾಳೆ, ನಾವು ಮನೆಗೆ ತಂದು ಅದನ್ನೇ ಮೊದಲು ಕತ್ತರಿಸಿ ಬಿಸಾಡುತ್ತೇವೆ.

ಸತ್ತವರು ಕಲಿಸಿದ ಅಡುಗೆ

ಪುಸ್ತಕ ನೋಡಿ ಅಡುಗೆ ಕಲಿಯುವುದೆಂದರೆ ನಮ್ಮಲ್ಲಿ ಒಂದು ತಾತ್ಸಾರವಿದೆ. ಪದ್ಯದಲ್ಲೇ ಅಡುಗೆ ಹೇಳಿದ ಮಂಗರಸನ 'ಸೂಪಶಾಸ್ತ್ರ' ಹದಿನಾರನೆಯ ಶತಮಾನದಷ್ಟು ಹಿಂದೆಯೇ ಕನ್ನಡದಲ್ಲಿ ಬಂದಿದ್ದರೂ, ಅಡುಗೆ ಕೈಯಿಂದ ಕೈಗೆ ಬರಬೇಕು ಎಂಬುದೇ ನಮ್ಮ ನಂಬಿಕೆ. ಥಾಯ್ಲೆಂಡಿನಲ್ಲೂ ಹಾಗೆಯೇ ಇತ್ತು. ಒಳ್ಳೆಯ ಅಡುಗೆ ಅರಮನೆಗಳ, ದೊಡ್ಡ ಮನೆತನಗಳ ಹೆಂಗಸರ ಗುಟ್ಟಾಗಿತ್ತು. 1908ರಲ್ಲಿ ತಾನ್‌ಪೂಯಿಂಗ್ ಪ್ಲಿಯನ್ ಫಾಸಕೊರವೊಂಗ್ ಎಂಬ ಗಣ್ಯ ಮಹಿಳೆಯ 'ಮೇ ಖ್ರುವಾ ಹುವಾ ಪಾ' ಬಂತು. ಥಾಯ್ ಅಡುಗೆ ಪುಸ್ತಕಗಳ ವಂಶವೃಕ್ಷ ಬರೆದರೆ ಎಲ್ಲರೂ ಬುಡದಲ್ಲಿ ಕೂರಿಸುವ ಹೆಸರು ಅದು.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪದ್ಧತಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಅಲ್ಲಿ ಯಾರಾದರೂ ತೀರಿಕೊಂಡರೆ, ಅಂತ್ಯಕ್ರಿಯೆಗೆ ಬಂದವರಿಗೆ ಅವರ ನೆನಪಿನ ಪುಸ್ತಕವೊಂದನ್ನು ಅಚ್ಚು ಹಾಕಿಸಿ ಹಂಚುವ ರೂಢಿ ಬೆಳೆಯಿತು. ಅದರಲ್ಲಿ ಹೋದವರ ಜೀವನ ಚರಿತ್ರೆ ಇರುತ್ತದೆ, ಬುದ್ಧನ ಬೋಧನೆ ಇರುತ್ತದೆ. ಎಷ್ಟೋ ಸಲ ಅವರು ಮಾಡುತ್ತಿದ್ದ, ಅವರಿಗೆ ಇಷ್ಟವಾಗಿದ್ದ ಅಡುಗೆಗಳೂ ಇರುತ್ತವೆ. ಬದುಕಿರುವಾಗ ಸೊಸೆಗೂ ಬಿಟ್ಟುಕೊಡದ ಗುಟ್ಟು ಚಿತೆಯ ಪಕ್ಕದಲ್ಲಿ ಊರಿಗೆಲ್ಲ ಹಂಚಿಹೋಗುತ್ತಿತ್ತು. ನಮ್ಮಲ್ಲಿ ವೈಕುಂಠ ಸಮಾರಾಧನೆಯ ದಿನ ತೀರಿಕೊಂಡವರಿಗೆ ಪ್ರಿಯವಾದದ್ದನ್ನು ಮಾಡಿ ಬಡಿಸುತ್ತೇವೆ, ಉಂಡು ಎದ್ದರೆ ಮುಗಿಯಿತು. ಅಲ್ಲಿಯವರು ಮಾಡುವ ಕ್ರಮವನ್ನೇ ಕೈಗಿಟ್ಟು ಕಳಿಸುತ್ತಿದ್ದರು.

ಈ ಪುಸ್ತಕಗಳನ್ನು ಹಳೆ ಅಂಗಡಿಗಳಲ್ಲಿ ಹುಡುಕಿ ಕೂಡಿಹಾಕಿದವರಲ್ಲಿ ಒಬ್ಬ ಆಸ್ಟ್ರೇಲಿಯಾದ ಬಾಣಸಿಗ ಡೇವಿಡ್ ಥಾಂಪ್ಸನ್. 1980ರ ದಶಕದಲ್ಲಿ ಬ್ಯಾಂಕಾಕಿಗೆ ಹೋದವನು ಅಲ್ಲಿ ಸೊಂಬತ್ ಜನ್‌ಫೆಚ್ಚರ ಎಂಬ ಹಿರಿಯ ಮಹಿಳೆಯ ಕೈಯಡುಗೆಗೆ ಮರುಳಾದ. ಆಕೆಯ ತಾಯಿಗೆ ಅರಮನೆಯ ನಂಟಿತ್ತು. ಮುಂದೆ ಆತ ಲಂಡನ್ನಿನಲ್ಲಿ 2001ರಲ್ಲಿ ತೆರೆದ 'ನಾಮ್' ಮಿಶೆಲಿನ್ ತಾರೆ ಪಡೆದ ಮೊದಲ ಥಾಯ್ ಹೋಟೆಲಾಯಿತು. 2002ರಲ್ಲಿ ಬಂದ ಅವನ 'ಥಾಯ್ ಫುಡ್' 600ಕ್ಕೂ ಹೆಚ್ಚು ಪುಟಗಳ, ಇಟ್ಟಿಗೆಯಂಥ ಪುಸ್ತಕ. ಮೊದಲ ಅಡುಗೆ ಬರುವ ಮೊದಲು ಇತಿಹಾಸ, ಭೂಗೋಳ, ಅನ್ನದ ಮಹತ್ವ ಎಂದು ಪುಟಗಟ್ಟಲೆ ಓದಬೇಕು. ಹಸಿದವನಿಗೆ ಸಿಟ್ಟೇ ಬರುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ ಬ್ಯಾಂಕಾಕಿನಲ್ಲಿ ಬೆಳೆದ ಲೀಲಾ ಪುಣ್ಯರತಬಂಧು ಅವರ 'ಸಿಂಪಲ್ ಥಾಯ್ ಫುಡ್' (2014) ಒಳ್ಳೆಯ ಮೆಟ್ಟಿಲು.

ನನ್ನ ಕೈಗೆ ಬಂದದ್ದು ಇಟ್ಟಿಗೆ. ಅದರಲ್ಲಿ ಸಾಮಾನಿನ ಅಳತೆ ಇದೆ, ಮಾಡುವ ಕ್ರಮ ಇದೆ. ಇವೆರಡು ಎಲ್ಲ ಪುಸ್ತಕದಲ್ಲೂ ಇರುತ್ತವೆ. ಇದರಲ್ಲಿ ಮೂರನೆಯದೊಂದು ಇದೆ. ಬಹಳಷ್ಟು ಅಡುಗೆಗಳ ಕೊನೆಗೆ, ಇದು ಬಾಯಲ್ಲಿ ಹೇಗಿರಬೇಕು ಎಂದು ಹೇಳುತ್ತಾನೆ. ಉಪ್ಪು ಮುಂದಿರಬೇಕೋ ಹುಳಿ ಮುಂದಿರಬೇಕೋ, ಸಿಹಿ ಕಾಣಬೇಕೋ ಅಡಗಿರಬೇಕೋ, ಖಾರ ಮೊದಲು ತಾಗಬೇಕೋ ಆಮೇಲೆ ಏರಬೇಕೋ. ಮೊದಲ ಸಲ ಆ ಸಾಲನ್ನು ನಾನು ಅಲಂಕಾರ ಎಂದುಕೊಂಡು ದಾಟಿಬಿಟ್ಟಿದ್ದೆ.

ಕುಟ್ಟುವ ಸದ್ದು

ಎರಡನೆಯ ಸಲ ಪುಸ್ತಕಕ್ಕೆ ಶರಣಾದೆ. ಮಿಕ್ಸಿ ಪಕ್ಕಕ್ಕಿಟ್ಟು ಕಲ್ಲಿನ ಕುಟ್ಟಾಣಿ ತಂದೆ. ಥಾಯ್ ಭಾಷೆಯಲ್ಲಿ ಅದು 'ಖ್ರೋಕ್'. ಮಸಾಲೆ ಕುಟ್ಟುವುದಕ್ಕೆ ಗಟ್ಟಿ ಕಲ್ಲಿನದು. ಸೊಮ್ ತಮ್ ಮಾಡುವುದಕ್ಕೆ ಮಣ್ಣಿನ ಒರಳು, ಮರದ ಕುಟ್ಟಾಣಿ, ಏಕೆಂದರೆ ಅಲ್ಲಿ ಪಪ್ಪಾಯಿಕಾಯಿ ನುಜ್ಜಾಗಬೇಕೇ ಹೊರತು ನುಣ್ಣಗಾಗಬಾರದು.

ಕುಟ್ಟುವುದಕ್ಕೆ ಒಂದು ಕ್ರಮವಿದೆ. ಗಟ್ಟಿಯದು ಮೊದಲು, ಮೆತ್ತನೆಯದು ಆಮೇಲೆ. ಮೊದಲು ಮೆಣಸಿನಕಾಯಿ ಮತ್ತು ಒಂದು ಚಿಟಿಕೆ ಹರಳುಪ್ಪು. ಉಪ್ಪು ಇಲ್ಲಿ ರುಚಿಗಲ್ಲ, ಮರಳು ಕಾಗದದ ಕೆಲಸಕ್ಕೆ. ಮೆಣಸಿನ ಸಿಪ್ಪೆಯನ್ನು ಅದು ತೇಯುತ್ತದೆ. ಆಮೇಲೆ ತೆಳ್ಳಗೆ ಬಿಲ್ಲೆ ಮಾಡಿದ ಗಲಾಂಗಲ್, ಅದು ಕರಗಿದ ಮೇಲೆ ಮಜ್ಜಿಗೆ ಹುಲ್ಲಿನ ದಂಟು, ಆಮೇಲೆ ಮಕ್ರೂತ್ ಸಿಪ್ಪೆ, ಕೊತ್ತಂಬರಿ ಬೇರು. ನೀರು ಬಿಡುವ ಸಣ್ಣ ಈರುಳ್ಳಿ, ಬೆಳ್ಳುಳ್ಳಿ ಕೊನೆಗೆ. ಮೊದಲೇ ಹಾಕಿದರೆ ಎಲ್ಲ ಜಾರತೊಡಗಿ, ಕುಟ್ಟಾಣಿಗೆ ಹಿಡಿತ ಸಿಗದೆ, ನಾರು ನಾರಾಗಿಯೇ ಉಳಿಯುತ್ತದೆ. ನನ್ನ ಮಿಕ್ಸಿಯಲ್ಲಿ ಆದದ್ದೂ ಅದೇ. ಅಲಗು ತಿರುಗಲು ನೀರು ಬೇಕು, ನೀರು ಬಿದ್ದ ಮಸಾಲೆ ಆಮೇಲೆ ಎಣ್ಣೆಯಲ್ಲಿ ಹುರಿಯುವುದಿಲ್ಲ, ಬೇಯುತ್ತದೆ. ಚಟ್ನಿಗೂ ಮಸಾಲೆಗೂ ಇರುವ ಅಂತರ ಅಲ್ಲೇ ಅಳಿಸಿಹೋಗಿತ್ತು.

ಅರ್ಧ ಗಂಟೆ ಕುಟ್ಟಿದೆ. ಮೊದಲ ಹತ್ತು ನಿಮಿಷ ಠಣ್ ಠಣ್ ಎನ್ನುತ್ತಿದ್ದ ಕಲ್ಲು ಬರಬರುತ್ತ ಧಪ್ ಧಪ್ ಎನ್ನತೊಡಗಿತು. ಮೂಗಿಗೆ ಒಂದೊಂದಾಗಿ ಬರುತ್ತಿದ್ದ ವಾಸನೆಗಳು, ಮೊದಲು ಹುಲ್ಲು, ಆಮೇಲೆ ನಿಂಬೆ, ಆಮೇಲೆ ಆ ನೀಲಗಿರಿ ಘಾಟು, ಯಾವುದೋ ಒಂದು ಗಳಿಗೆಯಲ್ಲಿ ಬೇರೆಬೇರೆಯಾಗಿ ಸಿಗುವುದನ್ನು ನಿಲ್ಲಿಸಿ ಒಂದೇ ಆದವು. ಮಸಾಲೆ ಆಯಿತು ಎಂದರೆ ಅದೇ. ಮದುವೆಗೆ ಹೆಣ್ಣು ನೋಡಲು ಹೋದ ಹಿಂದಿನ ಕಾಲದ ಥಾಯ್ ಅತ್ತೆಯರು ಅಡುಗೆಮನೆಯ ಕುಟ್ಟಾಣಿಯ ಸದ್ದು ಕೇಳಿಯೇ ಹುಡುಗಿಯ ಕೈಗುಣ ಅಳೆಯುತ್ತಿದ್ದರು ಎಂದು ಹೇಳುವುದುಂಟು. ಅಕ್ಕಿ ರುಬ್ಬುವ ಸದ್ದಿನಲ್ಲೇ ಹಿಟ್ಟು ನುಣ್ಣಗಾಯಿತೋ ಇಲ್ಲವೋ ಹೇಳುತ್ತಿದ್ದ ನಮ್ಮಜ್ಜಿಗೆ ಇದು ಹೊಸದಾಗಿ ಕಾಣುತ್ತಿರಲಿಲ್ಲ.

ಕಾಯಿಹಾಲು ಒಡೆಯಬೇಕು

ಇನ್ನು ತೆಂಗಿನಕಾಯಿ. ಥಾಯ್ ಮನೆಗಳ ಹಳೆಯ ತುರಿಮಣೆಗೆ 'ಕ್ರತಾಯ್' ಎಂದು ಹೆಸರು, ಅಂದರೆ ಮೊಲ. ಮೊಲದ ಆಕಾರದ ಮಣೆಯ ಮೇಲೆ ಕೂತು ತುರಿಯುತ್ತಿದ್ದರು. ತುರಿಯನ್ನು ಬೆಚ್ಚನೆಯ ನೀರಿನಲ್ಲಿ ಹಿಸುಕಿ ತೆಗೆದ ಗಟ್ಟಿ ಹಾಲು 'ಹುವಾ ಕಥಿ', ಎಂದರೆ ತಲೆ. ಎರಡನೆಯ ಸಲದ ತೆಳು ಹಾಲು 'ಹಾಂಗ್ ಕಥಿ', ಎಂದರೆ ಬಾಲ. ನಾವು ಒಂದನೇ ಹಾಲು, ಎರಡನೇ ಹಾಲು ಎನ್ನುತ್ತೇವೆ. ಇಲ್ಲಿಯವರೆಗೆ ಎರಡೂ ಮನೆ ಒಂದೇ. ಇಲ್ಲಿಂದ ಮುಂದೆ ದಾರಿ ಬೇರೆ.

ಕಾಯಿಹಾಲು ಒಡೆಯಬಾರದು ಎಂಬುದು ನಮ್ಮ ಪಾಠ. ಗಟ್ಟಿ ಹಾಲು ಕೊನೆಗೆ ಹಾಕು, ಒಂದು ಕುದಿ ಬರುವ ಮೊದಲೇ ಇಳಿಸು. ಥಾಯ್ ಕರಿಗೆ ಗಟ್ಟಿ ಹಾಲೇ ಮೊದಲು ಬಾಣಲೆಗೆ ಬೀಳುತ್ತದೆ. ಅದನ್ನು ಕುದಿಸಿ ಕುದಿಸಿ, ನೀರೆಲ್ಲ ಇಂಗಿ, ಹಾಲು ಒಡೆದು ಎಣ್ಣೆ ಬಿಡುವವರೆಗೆ ಕಾಯಬೇಕು. 'ತ್ಯಾಕ್ ಮನ್' ಎನ್ನುತ್ತಾರೆ; ಎಣ್ಣೆ ಒಡೆಯುವುದು. ಬುಳಬುಳ ಎನ್ನುತ್ತಿದ್ದ ಬಾಣಲೆ ಚುರ್ ಎನ್ನತೊಡಗುತ್ತದೆ, ಅಂಚಿನಲ್ಲಿ ತಿಳಿ ಎಣ್ಣೆ ಮಿನುಗುತ್ತದೆ. ಕುಟ್ಟಿದ ಮಸಾಲೆ ಆಗ ಬೀಳಬೇಕು. ತೆಂಗಿನ ಎಣ್ಣೆಯಲ್ಲಿ, ತೆಂಗಿನಿಂದಲೇ ಆ ಕ್ಷಣ ಹುಟ್ಟಿದ ಎಣ್ಣೆಯಲ್ಲಿ, ಅದು ಹುರಿಯುತ್ತದೆ. ಒಗ್ಗರಣೆ ಎಲ್ಲಿ ಎಂದು ನಾನು ಹುಡುಕುತ್ತಿದ್ದೆನಲ್ಲ, ಅದು ಇಲ್ಲಿತ್ತು, ಅಡುಗೆಯ ಆರಂಭದಲ್ಲಿ. ಅದನ್ನು ಬಿಟ್ಟು ಕೊನೆಗೆ ಸಾಸಿವೆ ಸಿಡಿಸಿದರೆ ಏನು ಬಂತು?

ಪ್ಯಾಕೆಟ್ಟಿನ ಕಾಯಿಹಾಲು ಎಷ್ಟು ಕುದಿಸಿದರೂ ಹಲವು ಸಲ ಒಡೆಯುವುದಿಲ್ಲ. ಬೇರ್ಪಡಬಾರದೆಂದೇ ಅದರಲ್ಲಿ ಏನೇನೋ ಬೆರೆಸಿರುತ್ತಾರೆ. ಅದನ್ನೇ ಬಳಸುವುದಾದರೆ ಒಂದು ಚಮಚ ತೆಂಗಿನೆಣ್ಣೆ ಸೇರಿಸಿಕೊಂಡು ಮಸಾಲೆ ಹುರಿಯುವುದು ಮೇಲು. ಕರಾವಳಿಯಲ್ಲಿದ್ದವರು ಪ್ಯಾಕೆಟ್ಟಿನ ಗೊಡವೆಗೆ ಹೋಗುವುದೇ ಬೇಡ. ಹಾಗೆಯೇ ಬದನೆಕಾಯಿಗೂ. ಅಲ್ಲಿ ಹಾಕುವುದು ಸಣ್ಣ ಹಸಿರು ಗುಂಡು ಬದನೆ. ಉಡುಪಿಯವರು ಮಟ್ಟುಗುಳ್ಳ ಹೆಚ್ಚಿ ಹಾಕಿದರೆ ಯಾವ ಥಾಯ್ ಅಜ್ಜಿಯೂ ಬೇಜಾರು ಮಾಡಿಕೊಳ್ಳಲಾರಳು. ಬಟಾಣಿಯಷ್ಟು ದಪ್ಪದ ಇನ್ನೊಂದು ಕಾಯಿಯನ್ನೂ ಗೊಂಚಲಾಗಿ ಹಾಕುತ್ತಾರೆ. ಅದು ನಮ್ಮ ರಸ್ತೆ ಬದಿಯ ಸುಂಡೆಕಾಯಿ.

ಕಪಿಯೂ ತುಳಸಿಯೂ

ಇಷ್ಟೆಲ್ಲ ಆದಮೇಲೂ ನಮ್ಮಂಥ ಸಸ್ಯಾಹಾರಿ ಮನೆಯಲ್ಲಿ ಒಂದು ದೊಡ್ಡ ಕಂದಕ ಉಳಿಯುತ್ತದೆ. ಥಾಯ್ ಅಡುಗೆಯ ಉಪ್ಪು ಉಪ್ಪಿನ ಡಬ್ಬಿಯಿಂದ ಬರುವುದು ಕಡಿಮೆ. ಅದು 'ನಾಮ್ ಪ್ಲಾ', ಮೀನಿನ ನೀರು. ಸಣ್ಣ ಮೀನುಗಳನ್ನು ಉಪ್ಪಿನೊಂದಿಗೆ ತುಂಬಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕೊಳೆಯಿಟ್ಟು ತೆಗೆದ ಸಾರ. ಮಸಾಲೆಯಲ್ಲಿ ಕೊನೆಗೆ ಸೇರುವುದು 'ಕಪಿ'. ಗಾಬರಿ ಬೇಡ, ಅದು ಉಪ್ಪು ಹಾಕಿ ಹುದುಗಿಸಿದ ಸೀಗಡಿಯ ಮುದ್ದೆ. ಇವೆರಡನ್ನೂ ತೆಗೆದರೆ ಉಳಿಯುವುದು ಥಾಯ್ ಅಡುಗೆಯೇ?

ಉತ್ತರ ಥಾಯ್ಲೆಂಡಿನಲ್ಲೇ ಇದೆ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಲ್ಲಿ ಒಂಬತ್ತು ದಿನ 'ಜೇ' ಆಚರಣೆ ನಡೆಯುತ್ತದೆ, ಫುಕೆಟ್‌ನಲ್ಲಿ ಇದರ ಸಂಭ್ರಮ ದೊಡ್ಡದು. ಅಂಗಡಿಗಳ ಮೇಲೆ ಕೆಂಪಕ್ಷರದ ಹಳದಿ ಬಾವುಟ ಏರುತ್ತದೆ. ಮಾಂಸ, ಮೀನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ವ್ರತದ ಅಡುಗೆಯ ಅಣ್ಣತಮ್ಮ. ಸುಮ್ಮನೆ ಸಸ್ಯಾಹಾರ ಎನ್ನುವುದಕ್ಕೆ ಅಲ್ಲಿ 'ಮಂಗ್‌ಸವಿರತ್' ಎನ್ನುತ್ತಾರೆ. ಬಿಡಿಸಿ ನೋಡಿದರೆ ಮಾಂಸವಿರತಿ. ಅಂಥ ಅಡುಗೆಯಲ್ಲಿ ನಾಮ್ ಪ್ಲಾ ಬದಲು ತಿಳಿ ಸೋಯಾ ಸಾಸ್, ಹುದುಗಿಸಿದ ಸೋಯಾ ಕಾಳು ಬರುತ್ತವೆ. ಸಮುದ್ರ ದೂರವಿರುವ ಉತ್ತರದ ಗುಡ್ಡಗಾಡಿನಲ್ಲಿ ಸೋಯಾ ಕಾಳು ಬೇಯಿಸಿ, ಹುದುಗಿಸಿ, ಬಿಲ್ಲೆ ತಟ್ಟಿ ಬಿಸಿಲಿಗೆ ಒಣಗಿಸಿದ 'ಥುವಾ ನಾವ್' ಕಪಿಯ ಜಾಗದಲ್ಲಿ ಕೂರುತ್ತದೆ. ಹಾಗಾಗಿ ಮೀನಿನ ಬದಲು ಬರೀ ಉಪ್ಪು ಹಾಕಿ ಸುಮ್ಮನಾಗಬಾರದು. ಅಲ್ಲಿ ಬೇಕಾದದ್ದು ಹುದುಗಿದ ಉಪ್ಪು. ಉಪ್ಪಿಗೆ ಒಂದು ಹಿನ್ನೆಲೆ ಇರಬೇಕು.

ತುಳಸಿಯ ಕಥೆ ಬೇರೆ. ಬ್ಯಾಂಕಾಕಿನ ಬೀದಿ ಬೀದಿಯಲ್ಲಿ ಸಿಗುವ 'ಫತ್ ಕಫ್ರಾವ್' ಎಂದರೆ ಬೆಳ್ಳುಳ್ಳಿ, ಮೆಣಸಿನಕಾಯಿ ಜಜ್ಜಿ ಹುರಿದು, ಮಾಂಸವನ್ನೋ ತೋಫುವನ್ನೋ ಹಾಕಿ, ಕೊನೆಗೆ ಒಂದು ಹಿಡಿ ಕಫ್ರಾವ್ ಎಲೆ ಎರಚಿ ಇಳಿಸುವುದು. ಈ ಕಫ್ರಾವ್ ನಮ್ಮ ತುಳಸಿಯ ಜಾತಿಯೇ. ಪುಸ್ತಕದಲ್ಲಿ ಇದನ್ನು ಓದಿ ಹೇಳಿದಾಗ ಅಮ್ಮ ಕಟ್ಟೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. ಕಷಾಯಕ್ಕೆ ಕೊಯ್ಯಬಹುದಂತೆ, ಬೆಳ್ಳುಳ್ಳಿ ಜೊತೆ ಬಾಣಲೆಗೆ ಹಾಕಬಾರದಂತೆ. ಕೊನೆಗೆ ಕುಂಡದಲ್ಲಿ ಬೇರೆಯದೇ ಒಂದು ಗಿಡ ಬೆಳೆಸಿ, ಅದಕ್ಕೆ ಪೂಜೆ ಮಾಡದೆ ಇರುವುದು ಎಂದು ರಾಜಿಯಾಯಿತು. ಹಸಿರು ಕರಿಗೆ ಹಾಕುವ ಎಲೆ ಇದಲ್ಲ, 'ಹೋರಫಾ'. ಅದು ನಮ್ಮ ಕಾಮಕಸ್ತೂರಿಯ ಬಳಗದ್ದು, ಆದ್ದರಿಂದ ಅಲ್ಲಿ ತಕರಾರಿಲ್ಲ.

ಯಂತ್ರಕ್ಕೆ ಗೊತ್ತೇ ಅಸಲಿ ರುಚಿ?

ಅಸಲಿ ಥಾಯ್ ಅಡುಗೆ ಎಂದರೆ ಯಾವುದು ಎಂಬ ತಲೆಬಿಸಿ ನಮಗಷ್ಟೇ ಅಲ್ಲ, ಅಲ್ಲಿಯ ಸರ್ಕಾರಕ್ಕೂ ಇದೆ. ಹೊರದೇಶದ ಹೋಟೆಲುಗಳು ಥಾಯ್ ಅಡುಗೆಯ ಹೆಸರು ಕೆಡಿಸುತ್ತಿವೆ ಎಂಬ ಬೇಸರದಿಂದ 2014ರಲ್ಲಿ ಸರ್ಕಾರದ ನೆರವಿನಲ್ಲಿ ಒಂದು ಯಂತ್ರವೇ ತಯಾರಾಯಿತು. ಹೆಸರು 'ಇ-ಡೆಲಿಷಸ್'. ಅಡುಗೆಯ ಮಾದರಿ ಇಟ್ಟರೆ ಸೆನ್ಸರುಗಳು ವಾಸನೆ, ರುಚಿ ಅಳೆದು, ಮೊದಲೇ ಗೊತ್ತುಮಾಡಿದ ಮಾದರಿಯ ಜೊತೆ ಹೋಲಿಸಿ ಅಂಕ ಕೊಡುತ್ತವೆ. ಉಪ್ಪಿನಕಾಯಿ ಭರಣಿಗೆ ಥರ್ಮಾಮೀಟರು ಇಟ್ಟ ಹಾಗೆ ಅನಿಸಿದರೆ ತಪ್ಪಿಲ್ಲ.

ಹಳೆಯದೇ ಅಸಲಿ ಎಂದು ಹೊರಟರೂ ಕಾಲು ಜಾರುತ್ತದೆ. ಮೆಣಸಿನಕಾಯಿ ಇಲ್ಲದ ಥಾಯ್ ಅಡುಗೆಯನ್ನು ಊಹಿಸಿ ನೋಡಿ. ಆದರೆ ಪೋರ್ಚುಗೀಸರು ಅಯುತ್ಥಯಾಕ್ಕೆ ಕಾಲಿಟ್ಟದ್ದು 1511ರಲ್ಲಿ. ಅಮೆರಿಕ ಖಂಡದ ಮೆಣಸಿನಕಾಯಿ ಏಷ್ಯಾಕ್ಕೆ ಬಂದದ್ದು ಅವರ ಕಾಲದ ವ್ಯಾಪಾರದಿಂದ. ಅದಕ್ಕೂ ಮೊದಲು ಖಾರಕ್ಕಿದ್ದದ್ದು ಕಾಳುಮೆಣಸು, ಅದರ ಹೆಸರು 'ಪ್ರಿಕ್'.  ಹೊಸಬ ಬಂದು ಆ ಹೆಸರನ್ನೇ ಕಸಿದುಕೊಂಡ. ಹಳಬನಿಗೆ 'ಪ್ರಿಕ್ ಥಾಯ್', ನಮ್ಮೂರ ಮೆಣಸು, ಎಂದು ಬಾಲ ಸೇರಿಸಬೇಕಾಯಿತು. ಕನ್ನಡದಲ್ಲೂ ನಡೆದದ್ದು ಇದೇ. ಮೆಣಸು ಎಂದರೆ ಒಂದೇ ಇದ್ದ ಕಾಲ ಹೋಗಿ, ಹಳೆಯ ಮೆಣಸು ಕಾಳುಮೆಣಸಾಯಿತು. ಇನ್ನು ಪ್ಯಾಡ್ ಥಾಯ್ ದೇಶದ ಗುರುತಾಗಿ ಬೆಳೆದದ್ದು ಸಯಾಮ್ ಎಂಬ ಹೆಸರನ್ನು 1939ರಲ್ಲಿ ಥಾಯ್ಲೆಂಡ್ ಎಂದು ಬದಲಿಸಿದ ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್ ಅವರ ರಾಷ್ಟ್ರೀಯತೆಯ ಅಬ್ಬರದಲ್ಲಿ. ಅದರ ಶಾವಿಗೆಯ ಮೂಲ ಚೀನಾದ್ದು.

ಹಾಗಾದರೆ ಅಸಲಿತನ ಎಲ್ಲಿದೆ? ನನಗೆ ತೋರುವುದು ಇಷ್ಟು. ಸಾಮಾನು ಬದಲಾಗಿದೆ, ಬದಲಾಗುತ್ತಲೇ ಇರುತ್ತದೆ. ಉಳಿದುಬಂದಿರುವುದು ಮಾಡುವ ಕ್ರಮ, ಮತ್ತು ಕೊನೆಗೆ ಬಾಯಲ್ಲಿ ಸಿಗಬೇಕಾದ ಹದ. ಕನ್ನಡದ ಅಡುಗೆ ಬರಹಗಳಲ್ಲಿ 'ಉಪ್ಪು ರುಚಿಗೆ ತಕ್ಕಷ್ಟು' ಎಂದಿರುತ್ತದೆ. ಓದುವವನ ನಾಲಿಗೆಗೂ ಬರೆದವರ ನಾಲಿಗೆಗೂ ಒಂದೇ ಊರು ಎಂಬ ಭರವಸೆಯಿಂದ ಬರೆದ ಮಾತು ಅದು. ಪರಊರಿನ ಅಡುಗೆಗೆ ಅದೇ ಮಾತು ಹೇಳಿದರೆ ಓದುಗ ತನ್ನ ರುಚಿಗೇ ತಂದು ನಿಲ್ಲಿಸುತ್ತಾನೆ. ಆದ್ದರಿಂದಲೇ ಆ ಇಟ್ಟಿಗೆ ಪುಸ್ತಕದ ಅಡುಗೆಗಳ ಕೊನೆಯ ಸಾಲು ಅಲಂಕಾರವಲ್ಲ. ಅಡುಗೆಯ ನಿಜವಾದ ಅಳತೆ ಅದೇ. ಉಳಿದ ಚಮಚ, ಗ್ರಾಮುಗಳೆಲ್ಲ ಅಲ್ಲಿಗೆ ತಲುಪಿಸುವ ಗಾಡಿ.

ಹದಕ್ಕೂ ಕ್ರಮವಿದೆ. ಮೊದಲು ಉಪ್ಪು ನೋಡು. ಉಪ್ಪು ಒರಟಾದರೆ ತಾಳೆಬೆಲ್ಲ ಚೂರು, ಸಿಹಿ ಮಾಡಲಿಕ್ಕಲ್ಲ, ಮೂಲೆ ಸವೆಸಲಿಕ್ಕೆ. ಹುಳಿ ಕೊನೆಗೆ. ತೊಮ್ ಯಮ್ ಸಾರಿಗೆ ನಿಂಬೆರಸ ಹಿಂಡುವುದು ಒಲೆ ಆರಿಸಿದ ಮೇಲೆ, ಚಿತ್ರಾನ್ನಕ್ಕೆ ನಾವು ಮಾಡುವ ಹಾಗೆ. ಕುದಿಯುವಾಗ ಹಿಂಡಿದರೆ ಪರಿಮಳ ಹಾರಿಹೋಗಿ ಕಹಿ ಉಳಿಯುತ್ತದೆ. ಹಸಿರು ಕರಿಗೆ ಹುಳಿಯೇ ಬೇಡ. ಒಂದೊಂದು ಸಲವೂ ಅನ್ನದ ಜೊತೆ ರುಚಿ ನೋಡಬೇಕು. ಬರಿಬಾಯಿಗೆ ಸರಿ ಅನಿಸಿದ್ದು ಅನ್ನಕ್ಕೆ ಸಪ್ಪೆ. ಇಂಥ ಥಾಯ್ ಅಡುಗೆಗಳೆಲ್ಲ 'ಕಪ್ ಖಾವ್', ಅನ್ನದ ಜೊತೆಯವು. ಎದುರಿಗೆ ಸಿಕ್ಕವರನ್ನು ಅಲ್ಲಿ 'ಕಿನ್ ಖಾವ್ ರೂ ಯಾಂಗ್' ಎಂದು ಕೇಳುತ್ತಾರೆ. ಅನ್ನ ಉಂಡೆಯಾ ಎಂದು. ಊಟ ಆಯ್ತಾ ಎಂದು ಕೇಳಿ ಬೆಳೆದ ನಮಗೆ ಅದನ್ನು ಅನುವಾದಿಸಿ ಹೇಳಬೇಕಿಲ್ಲ.

ಆ ಭಾಷೆಯಲ್ಲಿ ರುಚಿಗೆ 'ರೊತ್' ಎನ್ನುತ್ತಾರೆ. ಬರೆಯುವಾಗ ಮಾತ್ರ ರಕಾರ, ಸಕಾರ. ರಸ! ಸಂಸ್ಕೃತದ ಅದೇ ಶಬ್ದ ಹಡಗು ಹತ್ತಿ ಹೋಗಿ ಬೇರೆ ನಾಲಿಗೆಯ ಮೇಲೆ ಬೇರೆ ಸದ್ದಾಗಿದೆ. ತೆಂಗು, ಹುಣಸೆ, ಬೆಲ್ಲಕ್ಕೂ ಆದದ್ದು ಅದೇ. ಬರೆದದ್ದು ಓದಲು ಬಂದರೆ ಉಚ್ಚಾರ ಬಂದಂತಲ್ಲ.

ಐದನೆಯ ಸಲವೋ ಆರನೆಯ ಸಲವೋ ಸರಿಯಾಗಿ ಲೆಕ್ಕವಿಲ್ಲ. ಕಾಯಿ ತುರಿದು, ತಲೆಹಾಲು ಒಡೆಸಿ, ಅರ್ಧ ಗಂಟೆ ಕುಟ್ಟಿದ ಮಸಾಲೆ ಹುರಿದು, ಮಟ್ಟುಗುಳ್ಳ ಬೇಯಿಸಿ, ಹುದುಗಿದ ಸೋಯಾದ ಉಪ್ಪು ಹಾಕಿ, ಕಾಮಕಸ್ತೂರಿ ಎಲೆ ಮುರಿದು ಎರಚಿ ಇಳಿಸಿದೆ. ಸಾಸಿವೆ ಡಬ್ಬಿಯನ್ನು ಮೊದಲೇ ಮೇಲಿನ ಕಪಾಟಿಗೆ ಏರಿಸಿದ್ದೆ. ಅಮ್ಮ ಬಿಸಿ ಅನ್ನಕ್ಕೆ ಕಲಸಿಕೊಂಡು ಒಂದು ತುತ್ತು ತಿಂದಳು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಇನ್ನೊಂದು ತುತ್ತು ತಿಂದಳು. ಆಮೇಲೆ ತಟ್ಟೆ ನನ್ನ ಕಡೆ ಸರಿಸಿ ಹೇಳಿದಳು:

"ಇದು ನಮ್ಮನೆ ರುಚಿ ಅಲ್ಲ ತಮಾ. ಇನ್ನೊಂದ್ ಸೌಟು ಹಾಕು."